ಸಿದ್ದಾಪುರದ ಡಿಸ್ಕ್ ಅಂಗಡಿ: ಮನೋರಮಾ ಕಪಾಟು ನೋಡೋಕಾದ್ರೂ ಒಮ್ಮೆ ಮೆಟ್ಟಿಲು ಹತ್ತಿ

ಸಿದ್ದಾಪುರದಲ್ಲಿ ಸಿನಿಮಾ ಡಿಸ್ಕ್ ಮಾರುವ ಅಂಗಡಿ ಇನ್ನೂ ಒಂದಿದೆ ಅಂದರೆ ಮಡಿಕೇರಿಯಲ್ಲಿರುವ ನನ್ನ ಅಳಿಯ ನಂಬಲಿಲ್ಲ. "ಮಾವ, ಡಿಸ್ಕ್ ಹಾಕೋ ಮೆಷಿನ್ನೇ ಈಗ ಯಾರ ಮನೇಲೂ ಇಲ್ಲ" ಅಂದ. ನಮ್ಮನೇಲಿ ಇದೆ. ಅದು ಕೆಟ್ಟರೆ ರಿಪೇರಿ ಮಾಡುವವರೂ ಇದೇ ಅಂಗಡಿಯವರು. ನಾನು ಬರೆಯುತ್ತಿರುವುದು ದುಡ್ಡು ಕೊಟ್ಟು ತಂದ ಗಿರಾಕಿಯಾಗಿ. ಪುಕ್ಕಟೆ ಒಂದು ಕವರ್ ಕೂಡ ಸಿಕ್ಕಿಲ್ಲ. ಅದನ್ನು ಕೆಳಗೆ ದೂರಿನ ಪಟ್ಟಿಯಲ್ಲಿ ಹೇಳುತ್ತೇನೆ.

ಅಂಗಡಿಗೆ ಬೋರ್ಡ್ ಇಲ್ಲ. ಬಸ್ ನಿಲ್ಲುವ ಕಡೆಯಿಂದ ಸ್ವಲ್ಪ ನಡೆದರೆ ಒಂದು ಓಣಿ, ಓಣಿಯಲ್ಲಿ ಕೊಡೆ ರಿಪೇರಿಯವನು ಕೂತಿರುತ್ತಾನೆ, ಅವನ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಅದೇ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವನು ಮೆಟ್ಟಿಲ ಮೇಲೆ ಕಾಯಬೇಕು. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದಾರೆ. ಮೂಲೆಯಲ್ಲಿ ಒಂದು ಹಳೇ ಬಲ್ಬ್ ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಬೆಳಕಿಗಲ್ಲ, ಶೀತ ಹೋಗಲಿ ಅಂತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಅಂಥದ್ದರಲ್ಲಿ ಕ್ಯಾಸೆಟ್ಟು ಉಳಿಸೋದು ಸುಮ್ನೆ ಅಲ್ಲ.

ಇಂಥ ಅಂಗಡಿ ವಿರಾಜಪೇಟೆ, ಕುಶಾಲನಗರಗಳಲ್ಲಿ ಮುಚ್ಚಿಹೋಗಿ ಇಲ್ಲಿ ಮಾತ್ರ ಯಾಕೆ ಉಳಿಯಿತು? ಸಿದ್ದಾಪುರದ ಸುತ್ತ ತೋಟಗಳೇ ತೋಟಗಳು. ನಾನೇ ಒಂದು ತೋಟದಲ್ಲಿ ರೈಟರ್ ಆಗಿದ್ದವನು. ಮಸ್ಟರ್ ರೋಲ್ ಬರೆಯೋದು, ಹಣ್ಣು ಅಳೆಸೋದು, ಶನಿವಾರ ಬಟವಾಡೆ. ತೋಟದ ಕೆಲಸಗಾರರ ಸಾಲುಮನೆಗಳಿಗೆ ಲೈನ್ ಮನೆ ಅಂತಾರೆ, ಅಲ್ಲಿ ತಮಿಳು, ಮಲಯಾಳಂ, ಕನ್ನಡ ಮೂರೂ ನಡೆಯುತ್ತವೆ. ಒಂದು ಲೈನಿನಲ್ಲಿ ಮಾತು ಶುರುವಾದರೆ ಇನ್ನೊಂದು ಲೈನಿಗೆ ಬರುವಷ್ಟರಲ್ಲಿ ಭಾಷೆ ಬದಲಾಗಿರುತ್ತದೆ. ಈಗ ಅಸ್ಸಾಂ ಕಡೆಯ ಹುಡುಗರೂ ಬಂದಿದ್ದಾರೆ. ಎಷ್ಟೋ ಲೈನುಗಳಲ್ಲಿ ಫೋನಿಗೆ ಸಿಗ್ನಲ್ ಬೇಕು ಅಂದರೆ ಕಣದ ತುದಿಗೆ ಹೋಗಿ ನಿಲ್ಲಬೇಕು. ಸಂಜೆಯಾದ ಮೇಲೆ ಆನೆ ಭಯಕ್ಕೆ ಕಣಕ್ಕೂ ಹೋಗುವಂತಿಲ್ಲ. ಹಾಗಾಗಿ ಡಿಸ್ಕ್ ಇನ್ನೂ ನಡೆಯುತ್ತಿದೆ.

ಈಗ ವಿಷಯಕ್ಕೆ ಬರುತ್ತೇನೆ. ಎಲ್ಲ ಅಂಗಡಿಯಲ್ಲೂ ಸಿನಿಮಾ ಜೋಡಿಸುವುದು ಹೀರೋ ಹೆಸರಲ್ಲಿ, ಅಲ್ವಾ? ರಾಜ್‌ಕುಮಾರ್ ಒಂದು ಸಾಲು, ವಿಷ್ಣು ಒಂದು ಸಾಲು, ಶಿವಾಜಿ, ಎಂಜಿಆರ್, ರಜನಿ. ಇಲ್ಲಿಯೂ ಹಾಗೇ ಇದೆ. ಆದರೆ ಬಾಗಿಲ ಪಕ್ಕ ಎದೆ ಎತ್ತರದಲ್ಲಿ ಒಂದು ಕಪಾಟು ಇದೆ. ಅದರಲ್ಲಿ ಎಂಜಿಆರ್ ಪಕ್ಕ ವಿಜಯಕಾಂತ್, ವಿಜಯಕಾಂತ್ ಪಕ್ಕ ಶಿವಾಜಿ, ನಡುವೆ ಕಪ್ಪುಬಿಳುಪಿನದೊಂದು. ಮೊದಲು ನೋಡಿದವರಿಗೆ ಯಾರೋ ಕೆಡವಿ ಸಿಕ್ಕಿದಂತೆ ಜೋಡಿಸಿದ್ದಾರೆ ಅನ್ನಿಸುತ್ತದೆ. ಅದು ತಮಿಳಿನ ಹಾಸ್ಯ ನಟಿ ಮನೋರಮಾ ಅವರ ಕಪಾಟು. ಆಕೆ ಇರುವ ಚಿತ್ರಗಳೆಲ್ಲ ವರ್ಷದ ಪ್ರಕಾರ ಎಡದಿಂದ ಬಲಕ್ಕೆ. ಪ್ರತಿ ಕವರಿನ ಬೆನ್ನಿಗೂ ವರ್ಷ ಬರೆದ ಬಿಳಿ ಚೀಟಿ. ಹೀರೋ ಯಾರು ಅನ್ನೋದು ಲೆಕ್ಕಕ್ಕಿಲ್ಲ.

ಯಾಕೆ ಹೀಗೆ ಅಂತ ಕೇಳಿದರೆ ಅಂಗಡಿಯವರು ವ್ಯಾಪಾರದ ಮಾತೇ ಹೇಳಿದರು. ಲೈನಿನ ಹೆಂಗಸರು ಬಂದರೆ "ಆಚ್ಚಿ ಪಡಂ ಕೊಡಿ" ಅಂತಲೇ ಕೇಳುತ್ತಾರಂತೆ. ಆಚ್ಚಿ ಅಂದರೆ ಮನೋರಮಾ, ಪಡಂ ಅಂದರೆ ಸಿನಿಮಾ. ಪ್ರತಿ ಸಲ ಹೀರೋ ಸಾಲುಗಳಲ್ಲಿ ಹುಡುಕಿ ಹುಡುಕಿ ಸಾಕಾಗಿ ಎಲ್ಲ ಒಂದೇ ಕಡೆ ತಂದಿಟ್ಟರು. ಒಂದು ಎಚ್ಚರಿಕೆ: ಬರೀ "ಮನೋರಮಾ" ಅಂದರೆ ಅವರು "ಯಾವ ಮನೋರಮಾ?" ಅನ್ನುತ್ತಾರೆ. ಹಿಂದಿಯಲ್ಲಿ ಅದೇ ಹೆಸರಿನ ಇನ್ನೊಬ್ಬರಿದ್ದರು, 1972ರ ಸೀತಾ ಔರ್ ಗೀತಾದಲ್ಲಿ ಆ ಘಾಟಿ ಚಿಕ್ಕಮ್ಮನ ಪಾತ್ರ ಮಾಡಿದವರು. ಆ ಡಿಸ್ಕನ್ನು ಯಾರೋ ಇದೇ ಕಪಾಟಿಗೆ ಸೇರಿಸಿಟ್ಟು ಹೋಗುತ್ತಾರೆ, ಅವರು ತೆಗೆದು ಹಿಂದಿ ಸಾಲಿಗೆ ಇಡುತ್ತಾರೆ, ಇದು ಮುಗಿಯದ ಕೆಲಸ.

ನಾನು ಎಡಗಡೆಯಿಂದ ಶುರು ಮಾಡಿ ಬಲಕ್ಕೆ ಬಂದೆ. ಕಾಫಿ ಕೊಯ್ಲು ಮುಗಿದ ಮೇಲೆ ಬೇರೇನು ಕೆಲಸ. ಮೂವತ್ತು ವರ್ಷದಿಂದ ಈಕೆಯನ್ನು ಟಿವಿಯಲ್ಲಿ ತುಂಡು ತುಂಡಾಗಿ ನೋಡಿದ್ದೆ. ಎರಡು ನಿಮಿಷದ ಜೋಕು, ಒಂದು ಬೈಗುಳ, ಒಂದು ಅಳು. ಸಾಲಾಗಿ ನೋಡಿದಾಗ ಮಾತ್ರ ಈಕೆಯ ದುಡಿಮೆ ಎಂಥದ್ದು ಅಂತ ಗೊತ್ತಾಗುತ್ತದೆ. ಈ ಅಂಗಡಿಗೆ ನಾನು ನಂಬರ್ ಜಾಸ್ತಿ ಕೊಡುತ್ತಿರುವುದೇ ಅದಕ್ಕೆ.

ಹಿನ್ನೆಲೆ ಸ್ವಲ್ಪ ಹೇಳಬೇಕು. ಹುಟ್ಟಿದ್ದು 1937ರ ಮೇ 26, ತಂಜಾವೂರು ಕಡೆಯ ಮನ್ನಾರ್‌ಗುಡಿಯಲ್ಲಿ. ಇಟ್ಟ ಹೆಸರು ಗೋಪಿಶಾಂತ. ಅಪ್ಪ ಕೈಬಿಟ್ಟ ಮೇಲೆ ಅಮ್ಮ ಮಗಳನ್ನು ಕರೆದುಕೊಂಡು ಕಾರೈಕುಡಿ ಹತ್ತಿರದ ಪಳ್ಳತ್ತೂರಿಗೆ ಬಂದರು, ಮನೆಗೆಲಸ ಮಾಡಿ ಸಾಕಿದರು. ಹುಡುಗಿಯ ಶಾಲೆ ಅರ್ಧಕ್ಕೇ ನಿಂತಿತು. ಊರಿಗೆ ಬಂದ ನಾಟಕ ಕಂಪನಿಗೆ ಹಾಡುವವರು ಬೇಕಾಗಿತ್ತು. ಹನ್ನೆರಡರ ಸುಮಾರಿಗೆ ಅಲ್ಲಿಂದ ರಂಗಕ್ಕೆ ಇಳಿದಳು. ಮನೋರಮಾ ಅಂತ ಹೆಸರಿಟ್ಟವರು ನಾಟಕದ ನಿರ್ದೇಶಕರು ಮತ್ತು ಹಾರ್ಮೋನಿಯಂ ಮೇಷ್ಟ್ರು. ನನಗೆ ಈ ಹಾರ್ಮೋನಿಯಂ ಮೇಷ್ಟ್ರ ವಿಷಯ ಬಹಳ ಇಷ್ಟ. ಆಕೆಯ ಮಾತಿನಲ್ಲಿ ಯಾವಾಗಲೂ ಒಂದು ಶ್ರುತಿ ಇರುತ್ತದೆ. ಬೈದರೂ ಶ್ರುತಿ ತಪ್ಪುವುದಿಲ್ಲ.

ಆಮೇಲೆ ತಮಿಳು ನಟ ಎಸ್.ಎಸ್. ರಾಜೇಂದ್ರನ್ ಅವರ ನಾಟಕ ಮಂಡಳಿ. ಅದು ದ್ರಾವಿಡ ಪಕ್ಷದವರು ನಾಟಕವನ್ನೇ ವೇದಿಕೆ ಮಾಡಿಕೊಂಡಿದ್ದ ಕಾಲ. ಅಣ್ಣಾದೊರೈ ಜೊತೆ, ಕರುಣಾನಿಧಿ ಜೊತೆ ಆಕೆ ರಂಗದ ಮೇಲೆ ನಿಂತಿದ್ದಾರೆ. ಸಿನಿಮಾದಲ್ಲಿ ಎಂಜಿಆರ್, ಜಯಲಲಿತಾ, ತೆಲುಗಿನ ಎನ್‌ಟಿಆರ್. ಐದು ಮುಖ್ಯಮಂತ್ರಿಗಳ ಜೊತೆ ನಟಿಸಿದವರು ಅಂತ ತಮಿಳಿನವರು ಹೆಮ್ಮೆಯಿಂದ ಹೇಳಿಕೊಳ್ಳುವುದು ಇದನ್ನೇ. ಅವರೆಲ್ಲ ಮುಂದೆ ಕುರ್ಚಿಗೆ ಹೋದರು, ಈಕೆ ಮಾರನೇ ದಿನವೂ ಶೂಟಿಂಗಿಗೆ ಹೋದರು.

ಕಪಾಟಿನ ಎಡತುದಿಯಲ್ಲಿ ಇರಬೇಕಾದದ್ದು 1958ರ ಮಾಲೈಯಿಟ್ಟ ಮಂಗೈ. ಕವಿ ಕಣ್ಣದಾಸನ್ ಮಾಡಿಸಿದ ಚಿತ್ರ, ಮನೋರಮಾ ಪರದೆ ಮೇಲೆ ಬಂದದ್ದು ಅದರಿಂದ. ಅಂಗಡಿಯಲ್ಲಿ ಅದರ ಖಾಲಿ ಕವರ್ ಮಾತ್ರ ಇದೆ. ಡಿಸ್ಕ್ ಯಾರೋ ತೆಗೆದುಕೊಂಡು ಹೋಗಿ ವಾಪಸ್ ಕೊಟ್ಟಿಲ್ಲವಂತೆ. ಜಾಗ ಹಿಡಿಯಲಿ ಅಂತ ಕವರ್ ಇಟ್ಟಿದ್ದಾರೆ. 1963ರ ಕೊಂಜುಂ ಕುಮರಿಯೂ ಇಲ್ಲ. ಸೇಲಂನ ಮಾಡರ್ನ್ ಥಿಯೇಟರ್ಸ್‌ನ ಆ ಚಿತ್ರದಲ್ಲಿ ಈಕೆಯೇ ನಾಯಕಿ. ಆಮೇಲೆ ನಾಯಕಿಯಾಗುವ ದಾರಿ ಬಿಟ್ಟು ಹಾಸ್ಯದ ದಾರಿ ಹಿಡಿದದ್ದು ಒಳ್ಳೆಯದೇ ಆಯಿತು ಅಂತ ನನ್ನ ಲೆಕ್ಕ. ನಾಯಕಿಯರಿಗೆ ಹತ್ತು ವರ್ಷದ ಆಯಸ್ಸು. ಈಕೆ ಐದು ದಶಕ ಓಡಿದರು.

ಹಾಗಾಗಿ ನನಗೆ ಕೈಗೆ ಸಿಕ್ಕ ಮೊದಲನೆಯದು ಅರವತ್ತರ ದಶಕದಲ್ಲಿ ಹಾಸ್ಯ ನಟ ನಾಗೇಶ್ ಜೊತೆಗಿನ ಜೋಡಿ. 1966ರ ಅನ್ಬೇ ವಾ ಚಿತ್ರದಲ್ಲಿ ಎಂಜಿಆರ್, ಸರೋಜಾದೇವಿ. ನಮ್ಮ ಸರೋಜಾದೇವಿ, ಚನ್ನಪಟ್ಟಣದ ಕಡೆಯವರು. ಪಕ್ಕದಲ್ಲಿ ನಾಗೇಶ್, ಮನೋರಮಾ. ನಾಗೇಶ್ ಕೈಕಾಲು ಒಂದು ಕಡೆ ನಿಲ್ಲುವುದಿಲ್ಲ, ಇಡೀ ಮೈ ಓಡಾಡುತ್ತದೆ. ಮನೋರಮಾ ಆಗ ಏನು ಮಾಡುತ್ತಾರೆ ನೋಡಿ. ಸುಮ್ಮನೆ ನಿಲ್ಲುತ್ತಾರೆ. ಆತ ಒಂದು ಸುತ್ತು ಹಾಕಿ ಬರಲಿ ಅಂತ ಬಿಟ್ಟು, ಬಂದ ಕೂಡಲೇ ಒಂದೇ ಮಾತು ಹಾಕುತ್ತಾರೆ. ನಗು ಬರುವುದು ಆ ಮಾತಿಗೆ. ನಾಟಕದಲ್ಲಿ ಪಳಗಿದವರಿಗೆ ಮಾತ್ರ ಈ ಕಾಯುವ ಧೈರ್ಯ ಬರುತ್ತದೆ. ಎದುರಿಗೆ ಜನ ಕೂತಿರುವಾಗ ಅರ್ಧ ಕ್ಷಣ ಬೇಗ ಬಾಯಿ ಬಿಟ್ಟರೆ ನಗುವಿನ ಗಲಾಟೆಯಲ್ಲಿ ಮಾತು ಮುಳುಗುತ್ತದೆ, ತಡವಾದರೆ ನಗು ಆರಿಹೋಗುತ್ತದೆ. ಸಿನಿಮಾ ಸೆಟ್ಟಿನಲ್ಲಿ ಎದುರಿಗೆ ಜನವೇ ಇಲ್ಲ. ಇಲ್ಲದ ಜನರ ನಗುವನ್ನು ಅಳೆದು ಮಾತಾಡಬೇಕು. ಎರಡು ನಿಮಿಷದ ತುಂಡು ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಕತ್ತರಿಸುವವರು ಮೊದಲು ಕತ್ತರಿಸುವುದೇ ಆ ಸುಮ್ಮನೆ ನಿಂತ ಜಾಗವನ್ನು.

ಕಪಾಟಿನ ನಡುವಿನ ರತ್ನ ಅಂದರೆ 1968ರ ತಿಲ್ಲಾನ ಮೋಹನಾಂಬಾಳ್. ಎ.ಪಿ. ನಾಗರಾಜನ್ ನಿರ್ದೇಶನ, ಶಿವಾಜಿ ನಾದಸ್ವರದವರು, ಪದ್ಮಿನಿ ನೃತ್ಯದವರು. ಆನಂದ ವಿಕಟನ್‌ನಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಇದು. ಪರದೆ ಹಿಂದೆ ನಾದಸ್ವರ ನುಡಿಸಿದವರು ಮಧುರೈ ಸೇತುರಾಮನ್, ಪೊನ್ನುಸಾಮಿ ಸಹೋದರರು. ಇಷ್ಟು ದೊಡ್ಡವರ ನಡುವೆ ಮನೋರಮಾ ಜಿಲ್ ಜಿಲ್ ರಮಾಮಣಿ ಅನ್ನುವ ನಾಟಕ ಕಂಪನಿಯ ನಟಿಯಾಗಿ ಬರುತ್ತಾರೆ. ತಾನು ಹನ್ನೆರಡರಿಂದ ಬದುಕಿದ ಬದುಕನ್ನೇ ಆಡಿ ತೋರಿಸುವ ಪಾತ್ರ.

ಆಕೆ ಬಂದ ಕೂಡಲೇ ನಮ್ಮ ಪಕ್ಕದ ಮನೆಯ ಅಜ್ಜಿ ಚಾಪೆಯಿಂದ ಎದ್ದು ಕೂತರು. ಸೇಲಂ ಕಡೆಯಿಂದ ಮದುವೆಯಾಗಿ ತೋಟಕ್ಕೆ ಬಂದವರು. ಐವತ್ತು ವರ್ಷ ಕಾಫಿ ಕೊಯ್ದವರು. ಜಿಲ್ ಜಿಲ್ ಮಾತನ್ನು ಎಳೆಯುತ್ತಾಳೆ. ಒಂದು ಸಣ್ಣ ಪ್ರಶ್ನೆ ಕೇಳುವುದಕ್ಕೂ ಅರ್ಧ ರಾಗ ಹಾಡುತ್ತಾಳೆ. ಕತ್ತು ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಎದುರಿಗಿರುವ ಗಂಡಸು ಕಲಾವಿದನೋ ಗಿರಾಕಿಯೋ ಅಂತ ಅಳೆಯುತ್ತಿರುವ ಹೆಂಗಸಿನ ನೋಟ ಅದು. ಅಜ್ಜಿ ಹೇಳಿದ್ದು: "ಕಂಪನಿ ನಾಟಕದವರು ಹೀಗೇ ಮಾತಾಡ್ತಿದ್ರು. ರಂಗದ ಮೇಲಲ್ಲ. ಬೆಳಗ್ಗೆ ಅಂಗಡಿಗೆ ಬಂದಾಗ್ಲೂ ಹೀಗೇ." ಇದು ನನಗೆ ಹೊಳೆದಿರಲಿಲ್ಲ. ನಾನು ಅತಿ ಅಂದುಕೊಂಡಿದ್ದನ್ನು ಅಜ್ಜಿ ಅಚ್ಚು ಅಂದರು.

ಆದರೆ ಜಿಲ್ ಜಿಲ್ ಬರೀ ನಗಿಸುವ ಹೆಂಗಸಲ್ಲ. ನಾದಸ್ವರ ಕೇಳುವಾಗ ಆ ಎಳೆತ, ಆ ಒನಪು ಹೋಗಿ ಮುಖ ಬರಿದಾಗುತ್ತದೆ. ತನಗಿಂತ ದೊಡ್ಡ ವಿದ್ಯೆ ಎದುರಿಗಿದೆ ಅಂತ ಗೊತ್ತಾದ ಕಲಾವಿದೆಯ ಮುಖ. ಆಮೇಲೆ ಮತ್ತೆ ಒನಪು ಹಾಕಿಕೊಳ್ಳುತ್ತಾಳೆ. ಶಿವಾಜಿಯ ಚಿತ್ರ ಅಂತ ಎಲ್ಲ ಕೊಳ್ಳುತ್ತಾರೆ. ನಾಗೇಶ್ ಮಾಡಿದ ವೈತ್ತಿಯೂ ಅದರಲ್ಲಿ ಇದ್ದಾನೆ, ನೋಡಿದರೆ ಮೈ ಉರಿಯುವಷ್ಟು ಚೆನ್ನಾಗಿ. ಆದರೂ ಡಿಸ್ಕ್ ತೆಗೆದಿಟ್ಟ ಮೇಲೆ ಮನೆಯವರು ಅನುಕರಿಸಿದ್ದು ಜಿಲ್ ಜಿಲ್‌ಳನ್ನೇ. ನನ್ನ ಹೆಂಡತಿ ಒಂದು ವಾರ ಕಾಫಿ ಕೊಡುವಾಗ ಎಳೆದು ಮಾತಾಡಿದಳು.

ಅದೇ 1968ರಲ್ಲಿ ಬಂದ ಬೊಮ್ಮಲಾಟ್ಟಂ ಕೂಡ ಪಕ್ಕದಲ್ಲೇ ಇದೆ. ಇದರಲ್ಲಿ ಮದ್ರಾಸಿನ ಬೀದಿ ಮಾತಿನಲ್ಲಿ ಸ್ವತಃ ಹಾಡಿದ್ದಾರೆ. ಎರಡೂ ಚಿತ್ರ ಬೆನ್ನಿಗೆ ಬೆನ್ನು ಹಾಕಿ ನೋಡಿ ಅಂತ ಅಂಗಡಿಯವರು ಹೇಳಿದ್ದರು. ಒಂದೇ ವರ್ಷ, ಒಂದೇ ಗಂಟಲು, ಆದರೆ ಒಂದರಲ್ಲಿ ಕಂಪನಿ ನಾಟಕದ ನಟಿ, ಇನ್ನೊಂದರಲ್ಲಿ ಕೊಳಗೇರಿಯ ಬಾಯಿ. ನನ್ನ ತಮಿಳು ಲೈನಿನಲ್ಲಿ ಕಲಿತದ್ದು. ಮದ್ರಾಸಿನ ಮಾತು ಅರ್ಧ ಅರ್ಥವಾಗಲಿಲ್ಲ. ಆದರೂ ನಗು ಬಂತು. ಶಬ್ದ ಬೀಳುವ ತಾಳವೇ ಹಾಗಿದೆ.

ಎಪ್ಪತ್ತರ ದಶಕದ ಭಾಗ ಬೇಗ ದಾಟಿಬಿಡಬಹುದು. ಕೆಲಸ ಜಾಸ್ತಿ, ಪಾತ್ರ ಕಡಿಮೆ. ಕಥೆಗೂ ಹಾಸ್ಯಕ್ಕೂ ಸಂಬಂಧವೇ ಇಲ್ಲದೆ ಅಂಟಿಸಿದ ದೃಶ್ಯಗಳು ಅನೇಕ. ಮೈಕಟ್ಟಿನ ಮೇಲೆ, ಬಣ್ಣದ ಮೇಲೆ ಮಾಡಿದ ಜೋಕುಗಳು ಈಗ ನೋಡಿದರೆ ಮುಜುಗರ. ಅದನ್ನು ಬರೆದವರು ಬೇರೆಯವರು, ಬಾಯಲ್ಲಿ ಹೇಳಬೇಕಾದದ್ದು ಈಕೆ. ಸಾವಿರಕ್ಕೂ ಮೀರಿದ ಚಿತ್ರ, ಗಿನ್ನೆಸ್ ದಾಖಲೆ ಅಂತ ಎಲ್ಲರೂ ಹೇಳುತ್ತಾರೆ. ಆ ಸಾವಿರದಲ್ಲಿ ಇಂಥವೂ ಸೇರಿವೆ. ವಾಚ್‌ಮನ್ ಪಾಳಿ ಬದಲಾದಂತೆ ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ಓಡಿದ ವರ್ಷಗಳು. ಅಂಗಡಿಯವರು ಈ ಸಾಲಿಗೆ ಬೆಲೆಯೂ ಕಡಿಮೆ ಇಟ್ಟಿದ್ದಾರೆ, ಮೂವತ್ತು ರೂಪಾಯಿ. ಅವರಿಗೂ ಗೊತ್ತು.

ಬಲಗಡೆಗೆ ಬಂದರೆ ಮತ್ತೆ ಚೇತರಿಕೆ. 1986ರ ಸಂಸಾರಂ ಅದು ಮಿನ್ಸಾರಂ. ವಿಸು ನಿರ್ದೇಶನ, ಎವಿಎಂ ಚಿತ್ರ. ಇದರಲ್ಲಿ ಮನೋರಮಾ ಮನೆಗೆಲಸದ ಕಣ್ಣಮ್ಮ. ಮನೆಯೊಳಗೆ ಅಪ್ಪ, ಮಗ, ಸೊಸೆ ಎಲ್ಲರೂ ಭಾಷಣ ಮಾಡುವವರೇ. ಕಣ್ಣಮ್ಮನಿಗೆ ಭಾಷಣ ಬೇಕಿಲ್ಲ. ಕೈಯಲ್ಲಿ ಕೆಲಸ ಇಟ್ಟುಕೊಂಡೇ ಎಲ್ಲರನ್ನೂ ಬಾಯಿ ಮುಚ್ಚಿಸುತ್ತಾಳೆ. ಜಗಳದ ಸೀನಿನಲ್ಲಿ ಉಸಿರು ತೆಗೆದುಕೊಳ್ಳುವ ಜಾಗ ಎಲ್ಲಿ ಅಂತ ಹುಡುಕಿ ನೋಡಿ. ನಾನು ರಿಮೋಟ್ ಹಿಡಿದು ಹಿಂದೆ ಮುಂದೆ ಮಾಡಿದೆ. ಸೆರಗು ಸರಿ ಮಾಡಿಕೊಳ್ಳುವ ನೆಪದಲ್ಲಿ ಉಸಿರು ಎಳೆದುಕೊಳ್ಳುತ್ತಾರೆ ಅಂತ ನನ್ನ ಅನುಮಾನ. ಅಮ್ಮ ಬೇರೆಯವರ ಮನೆಯಲ್ಲಿ ಕೆಲಸ ಮಾಡಿದ್ದನ್ನು ಕಂಡು ಬೆಳೆದ ಹೆಂಗಸು ಈ ಪಾತ್ರವನ್ನು ಅಳುಬುರುಕಿ ಮಾಡಲಿಲ್ಲ, ಗಮನಿಸಿ.

ಮೂರು ವರ್ಷದ ಮೇಲೆ ಪುದಿಯ ಪಾದೈ, 1989. ಅದಕ್ಕೆ ಪೋಷಕ ನಟಿಯ ರಾಷ್ಟ್ರ ಪ್ರಶಸ್ತಿ ಬಂತು. ಮೂವತ್ತು ವರ್ಷ ನಗಿಸಿದವರಿಗೆ ಪ್ರಶಸ್ತಿ ಸಿಕ್ಕಿದ್ದು ಗಂಭೀರ ಚಿತ್ರಕ್ಕೆ. ನಮ್ಮಲ್ಲೂ ಹಾಗೇ ಅಲ್ವಾ, ಹಾಸ್ಯದವರಿಗೆ ಮಾಲೆ ಹಾಕಬೇಕು ಅಂದರೆ ಮೊದಲು ಅವರು ಅಳಬೇಕು. ಪದ್ಮಶ್ರೀ ಬಂದದ್ದು 2002ರಲ್ಲಿ.

ತೊಂಬತ್ತರ ದಶಕದ ಅಮ್ಮನ ಪಾತ್ರಗಳು ಕನ್ನಡದವರಿಗೆ ಹತ್ತಿರ. 1991ರ ಚಿನ್ನ ತಂಬಿ ನಮ್ಮಲ್ಲಿ ರಾಮಾಚಾರಿ ಆಯಿತು. 1992ರ ಚಿನ್ನ ಗೌಂಡರ್ ಚಿಕ್ಕೆಜಮಾನ್ರು ಆಯಿತು. ಎರಡರಲ್ಲೂ ರವಿಚಂದ್ರನ್. ಎರಡರ ತಮಿಳು ಮೂಲದಲ್ಲೂ ಅಮ್ಮ ಮನೋರಮಾ. ಕಥೆ ಗೊತ್ತಿರುವುದರಿಂದ ತಮಿಳು ಬಾರದವರೂ ಇವೆರಡರಿಂದ ಶುರು ಮಾಡಬಹುದು. ಚಿನ್ನ ಗೌಂಡರ್‌ನಲ್ಲಿ ಕೊಯಮತ್ತೂರು, ಸೇಲಂ ಕಡೆಯ ಕೊಂಗು ನಾಡಿನ ಮಾತು. "ಇದು ನಮ್ಮ ಕಡೆ ಮಾತು, ಹತ್ತಿರ ಹತ್ತಿರ" ಅಂದರು ಅಜ್ಜಿ. ತಂಜಾವೂರಿನಲ್ಲಿ ಹುಟ್ಟಿ, ಚೆಟ್ಟಿನಾಡಿನಲ್ಲಿ ಬೆಳೆದು, ಮದ್ರಾಸಿನಲ್ಲಿ ದುಡಿದವರು. ಕೊಂಗು ಹೆಂಗಸನ್ನು ಆ ಕಡೆಯ ಅಜ್ಜಿಯೇ ಒಪ್ಪುವಷ್ಟು ಆಡಿದರು ಅಂದಮೇಲೆ ನಾನೇನು ಹೇಳಲಿ. 2015ರ ಅಕ್ಟೋಬರ್ 10ರಂದು ಚೆನ್ನೈನಲ್ಲಿ ತೀರಿಕೊಂಡರು. ಆಗ ವಯಸ್ಸು 78.

ಡಿಸ್ಕಿನ ಗುಣಮಟ್ಟದ ಬಗ್ಗೆ ಈಗ. ಇಲ್ಲಿ ಎರಡು ಜಾತಿ: ವಿಸಿಡಿ ಮತ್ತು ಡಿವಿಡಿ. ವಿಸಿಡಿಯಲ್ಲಿ ಚಿತ್ರದ ಅಳತೆ 352 ಇಂಟು 288 ಚುಕ್ಕಿ ಅಷ್ಟೇ. ಡಿವಿಡಿಯಲ್ಲಿ 720 ಇಂಟು 576. ಈಗಿನ ದೊಡ್ಡ ಟಿವಿಗೆ ವಿಸಿಡಿ ಹಾಕಿದರೆ ನಾಗೇಶ್ ಮೂಗು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಒಂದು ವಿಸಿಡಿಗೆ ಎಂಬತ್ತು ನಿಮಿಷದ ಒಳಗೆ ಮಾತ್ರ ಹಿಡಿಸುತ್ತದೆ, ಹಾಗಾಗಿ ಉದ್ದದ ಚಿತ್ರ ಮೂರು ಡಿಸ್ಕ್. ತಿಲ್ಲಾನ ಮೋಹನಾಂಬಾಳ್ ಮೂರು ಗಂಟೆ ಹತ್ತಿರ. ಅದನ್ನು ಡಿವಿಡಿಯಲ್ಲೇ ತಗೊಳ್ಳಿ, ನೂರಿಪ್ಪತ್ತು ರೂಪಾಯಿ. ನಾನು ತಂದ ಒಂದು ಕಂಪನಿಯ ಡಿವಿಡಿಯಲ್ಲಿ ಹಾಡುಗಳನ್ನೇ ಹಾರಿಸಿದ್ದರು, ಇನ್ನೊಂದರಲ್ಲಿ ಸಬ್‌ಟೈಟಲ್ ಅರ್ಧ ಚಿತ್ರಕ್ಕೆ ನಿಂತುಹೋಯಿತು. ಇದು ಅಂಗಡಿಯವರ ತಪ್ಪಲ್ಲ. ಆದರೂ ಹಾಡಿಲ್ಲದ್ದನ್ನು ಅವರು ಮರುಮಾತಿಲ್ಲದೆ ಬದಲಿಸಿ ಕೊಟ್ಟರು. ಕನ್ನಡ ಸಬ್‌ಟೈಟಲ್ ಯಾವುದರಲ್ಲೂ ಇಲ್ಲ.

ಅವರು ಡಿಸ್ಕ್ ಪರೀಕ್ಷೆ ಮಾಡುವ ರೀತಿ ನೋಡುವಂಥದ್ದು. ಕವರಿನಿಂದ ತೆಗೆದು ಅಂಚನ್ನೇ ಹಿಡಿದು ಟ್ಯೂಬ್‌ಲೈಟಿಗೆ ಎತ್ತುತ್ತಾರೆ. ಸೂಜಿ ಚುಚ್ಚಿದಂತೆ ಬೆಳಕು ಕಂಡರೆ ಆ ಡಿಸ್ಕ್ ಪಕ್ಕಕ್ಕೆ. ನಾವೆಲ್ಲ ಹೊಳೆಯುವ ಕೆಳಭಾಗದ ಗೀರು ನೋಡುತ್ತೇವೆ, ಅವರು ಮೊದಲು ನೋಡುವುದು ಹೆಸರು ಅಚ್ಚಾದ ಮೇಲ್ಭಾಗ. ಯಾಕೆಂದರೆ ಸಿಡಿ, ವಿಸಿಡಿಯಲ್ಲಿ ಬೆಳ್ಳಿ ಬಣ್ಣದ ಪದರ ಇರುವುದು ಆ ಅಚ್ಚಿನ ಕೆಳಗೇ. ಅಲ್ಲಿ ಗೀರು ಬಿದ್ದರೆ ಚಿತ್ರವೇ ಹೋಯಿತು. ಕೆಳಗಿನ ಗೀರನ್ನಾದರೆ ಉಜ್ಜಿ ನಯ ಮಾಡಬಹುದು. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುತ್ತದೆ, ಸ್ವಲ್ಪ ಗಟ್ಟಿ. ಡಿಸ್ಕಿನ ಮೇಲೆ ಬಾಲ್ ಪೆನ್ನಿನಲ್ಲಿ ಹೆಸರು ಬರೆದು ತರುವವರನ್ನು ಕಂಡರೆ ಅವರಿಗೆ ಸಿಟ್ಟು ಬರುತ್ತದೆ. ನೀವು ಬರೆಯಬೇಡಿ.

ಹಳೇ ವಿಎಚ್‌ಎಸ್ ಟೇಪ್, ಅಂದರೆ ವಿಡಿಯೊ ಕ್ಯಾಸೆಟ್ಟು, ಸ್ವಚ್ಛ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಡುವ ಕೆಲಸವೂ ಇದೆ. ಒಂದು ಟೇಪಿಗೆ ನಾನೂರು. ಬೂಷ್ಟು ಹಿಡಿದ ಟೇಪನ್ನು ಹಾಗೇ ಮೆಷಿನ್ನಿಗೆ ಹಾಕಿದರೆ ಟೇಪ್ ಓದುವ ಹೆಡ್ಡಿಗೆ ಬೂಷ್ಟು ಅಂಟಿ ಮುಂದಿನ ಟೇಪಿಗೂ ಹರಡುತ್ತದೆ. ಅದಕ್ಕೆ ಮೊದಲು ಬಲ್ಬಿನ ಪಕ್ಕ ಒಣಗಿಸಿ, ಆಮೇಲೆ ಚಿಪ್ಪು ಬಿಚ್ಚಿ, ಐಸೊಪ್ರೊಪಿಲ್ ಆಲ್ಕೋಹಾಲ್ ಮುಟ್ಟಿಸಿದ ಬಟ್ಟೆಯಲ್ಲಿ ಒರೆಸಿ ಒರೆಸಿ ಸುತ್ತುತ್ತಾರೆ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆ ದಂಡೆ ಮನೆಗಳಿಗೆ ನೀರು ನುಗ್ಗಿತಲ್ಲ, ಆಗ ಜನ ಮದುವೆ ಕ್ಯಾಸೆಟ್ಟುಗಳನ್ನು ಕೆಸರಿನ ಸಮೇತ ತಂದು ಕೊಟ್ಟಿದ್ದರಂತೆ. ಎಷ್ಟೋ ಜನರ ಹತ್ತಿರ ಆ ಕೆಲಸಕ್ಕೆ ದುಡ್ಡು ತೆಗೆದುಕೊಂಡಿಲ್ಲ ಅಂತ ಕೆಳಗಿನ ಕೊಡೆ ರಿಪೇರಿಯವನು ಹೇಳಿದ. ಇವರು ಹೇಳಲಿಲ್ಲ. ಸಿನಿಮಾ ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಡುವುದಿಲ್ಲ. ಕೇಳಿದರೆ "ಬೇಕಾದ್ರೆ ಡಿಸ್ಕ್ ತಗೊಳ್ಳಿ" ಅಂದು ಬೇರೆ ಗಿರಾಕಿ ಕಡೆ ತಿರುಗುತ್ತಾರೆ.

ದೂರುಗಳು ಇವೆ. ಬಾಗಿಲು ತೆಗೆಯುವ ಸಮಯಕ್ಕೆ ಅರ್ಥವಿಲ್ಲ. ಹತ್ತಕ್ಕೆ ಅಂತಾರೆ, ಹನ್ನೊಂದೂವರೆಗೂ ಬೀಗ. ಡಿಸ್ಕ್ ಹಾಕಿಕೊಡಲು ಕವರ್ ಕೊಡುವುದಿಲ್ಲ, ಮಳೆಯಲ್ಲಿ ಅಂಗಿಯೊಳಗೆ ಇಟ್ಟುಕೊಂಡು ಬರಬೇಕು. ಚೌಕಾಶಿ ಮಾಡಿದರೆ ಮುಖ ಗಂಟು. ಯುಪಿಐ ಇದೆ, ಆದರೆ ಮೇಲೆ ಸಿಗ್ನಲ್ ಇಲ್ಲ, ಕೆಳಗಿಳಿದು ಓಣಿಯಲ್ಲಿ ನಿಂತು ಕಳಿಸಿ ಮತ್ತೆ ಹತ್ತಿ ತೋರಿಸಬೇಕು. ನನ್ನ ಮೊಣಕಾಲಿಗೆ ಇದು ದೊಡ್ಡ ಶಿಕ್ಷೆ. ನಗದು ಒಯ್ಯಿರಿ.

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಒಂದೇ. ಕನ್ನಡದ ಹಾಸ್ಯ ನಟಿಯರಿಗೆ ಇಂಥ ಕಪಾಟು ಇಲ್ಲ. ನಮ್ಮ ಬಿ. ಜಯಾ ಅವರೂ ಸಿನಿಮಾಕ್ಕೆ ಬಂದದ್ದು 1958ರಲ್ಲೇ, ಭಕ್ತ ಪ್ರಹ್ಲಾದ ಚಿತ್ರದಿಂದ. ಮನೋರಮಾ ಬಂದ ವರ್ಷವೇ. 350ಕ್ಕೂ ಹೆಚ್ಚು ಚಿತ್ರ ಮಾಡಿ 2021ರ ಜೂನ್‌ನಲ್ಲಿ ಹೋದರು. ಎಂ.ಎನ್. ಲಕ್ಷ್ಮೀದೇವಿ ಅವರೂ ಅಷ್ಟೇ, ಬಾಯಿ ಬಿಟ್ಟರೆ ಸಾಕು ಥಿಯೇಟರ್ ನಗುತ್ತಿತ್ತು. ಇವರ ಚಿತ್ರಗಳು ಈ ಅಂಗಡಿಯಲ್ಲೇ ರಾಜ್‌ಕುಮಾರ್ ಸಾಲಿನಲ್ಲಿ, ಅವರಿವರ ಸಾಲಿನಲ್ಲಿ ಚದುರಿ ಕೂತಿವೆ. "ಯಾರೂ ಕೇಳಲ್ಲ ಸಾರ್" ಅಂದರು ಅಂಗಡಿಯವರು. ಅದು ನಿಜವೇ ಇರಬಹುದು. ಮನೋರಮಾ ಕಪಾಟು ಆದದ್ದೂ ಹೆಂಗಸರು ಕೇಳಿ ಕೇಳಿಯೇ ತಾನೇ. ನಾನು ಈಗ ಹೋದಾಗಲೆಲ್ಲ "ಜಯಾ ಪಿಚ್ಚರ್ ಕೊಡಿ" ಅಂತಲೇ ಕೇಳುತ್ತೇನೆ. ನೀವೂ ಹೋದರೆ ದಯವಿಟ್ಟು ಹಾಗೇ ಕೇಳಿ. ಅವರೇ ಹುಡುಕಲಿ.

ಐದಕ್ಕೆ ನಾಲ್ಕು. ಒಂದು ನಂಬರ್ ಬೀಗಕ್ಕೆ ಹೋಯಿತು.

ಹೊಸದಾಗಿ ಹೋಗುವವರಿಗೆ ನನ್ನ ಸಲಹೆ: ಚಿನ್ನ ಗೌಂಡರ್ ಮೊದಲು, ತಿಲ್ಲಾನ ಮೋಹನಾಂಬಾಳ್ ಆಮೇಲೆ, ಸಂಸಾರಂ ಮೂರನೆಯದು. ಅಷ್ಟರಲ್ಲಿ ಕಿವಿ ಪಳಗಿರುತ್ತದೆ, ಬೊಮ್ಮಲಾಟ್ಟಂ ತಗೊಳ್ಳಿ. ಸಂತೆ ದಿನ ಬೇಡ, ಮೆಟ್ಟಿಲೇ ಸಿಗುವುದಿಲ್ಲ. ಕೊಂಜುಂ ಕುಮರಿ ತರಿಸಿಕೊಡುತ್ತೇನೆ ಅಂತ ನಿಮಗೂ ಹೇಳುತ್ತಾರೆ. ನನಗೆ ಹೇಳಿದ ಮೇಲೆ ಕಾಫಿ ಹೂ ಅರಳಿಸುವ ಮಳೆಯೂ ಬಂದು ಹೋಯಿತು. ಮುಂಗಡ ಕೊಡಬೇಡಿ.